ಹೇಳಿದ ಮಾತು ಕೇಳುವ ಜನ

ಅವಳ ಕೆಲಸ ನೂಕುನುಗ್ಗಲು ಎಬ್ಬಿಸುವುದು. ಹೊಸ ವೆಬ್‌ಸೈಟು ಜನರ ಕೈಗೆ ಹೋಗುವ ಮೊದಲು ಕಂಪ್ಯೂಟರಿನಲ್ಲೇ ಸಾವಿರಾರು ಸುಳ್ಳು ಜನರನ್ನು ಹುಟ್ಟಿಸಿ, ಎಲ್ಲರನ್ನೂ ಒಟ್ಟಿಗೆ ಅದರ ಮೇಲೆ ಬಿಟ್ಟು, ಅದು ತಡೆಯುತ್ತದೋ ಮುಗ್ಗರಿಸುತ್ತದೋ ನೋಡುತ್ತಿದ್ದಳು. ಆಫೀಸಿನಲ್ಲಿ ಅವಳ ಅಡ್ಡಹೆಸರೇ ‘ಗಲಾಟೆ’.

ಕಣ್ಣಾಸ್ಪತ್ರೆಯೊಂದರ ಅಪಾಯಿಂಟ್‌ಮೆಂಟ್ ಸೈಟನ್ನೂ ಅವಳೇ ಪರೀಕ್ಷಿಸಿದ್ದಳು. ನಿರೀಕ್ಷೆಯ ದುಪ್ಪಟ್ಟು ಜನರನ್ನು ನುಗ್ಗಿಸಿದರೂ ಅದು ಜಪ್ಪಯ್ಯ ಅಂದಿರಲಿಲ್ಲ. ಜನರಿಗೆ ತೆರೆದ ಬೆಳಗ್ಗೆ ಮಾತ್ರ, ಅದರ ಅರ್ಧದಷ್ಟು ಮಂದಿಯೂ ಬರುವ ಮೊದಲೇ, ಮಕಾಡೆ ಮಲಗಿತು.

“ಏನಮ್ಮಾ ನೀನು ಟೆಸ್ಟ್ ಮಾಡಿದ್ದು?” ಎಂದರು ಮ್ಯಾನೇಜರು.

“ರಿಪೋರ್ಟ್ ನೀವೇ ನೋಡಿದ್ರಲ್ಲ ಸರ್.”

“ಅದನ್ನ ಇಟ್ಕೊಂಡು ಆಸ್ಪತ್ರೆಯವರಿಗೆ ಏನು ಹೇಳ್ಲಿ?”

ಅದೇ ಪರೀಕ್ಷೆಯನ್ನು ಮತ್ತೆ ಮತ್ತೆ ನಡೆಸಿದಳು. ಪ್ರತಿ ಸಲವೂ ಪಾಸು. ತಲೆ ಚಚ್ಚಿಕೊಳ್ಳುವಂತಾಯಿತು. ಸಂಜೆ ಮನೆಗೆ ಬಂದರೆ ಸೋಫಾದಲ್ಲಿ ಅಪ್ಪ ಫೋನಿನ ಜೊತೆ ಜಗಳಕ್ಕೆ ಬಿದ್ದಿದ್ದರು. ಅಮ್ಮನ ಕಣ್ಣಿನ ಪೊರೆ ತೆಗೆಸಲು ಅದೇ ಸೈಟಿನಲ್ಲಿ ದಿನ ಗೊತ್ತುಮಾಡುವ ಹಟ.

“ಅಪ್ಪಾ, ಅದನ್ನ ಎಷ್ಟು ಸಲ ಒತ್ತುತ್ತೀರ?”

“ಉತ್ತರ ಬರೋ ತನಕ. ಒಂದು ಸಲ ಕೂಗಿದ್ರೆ ನೀನೇ ಓ ಅನ್ನಲ್ಲ, ಇದು ಅನ್ನುತ್ತಾ?”

ಮತ್ತೆ ಒತ್ತಿದರು. ಹೆಸರು ಸರಿಯಿದೆಯೋ ಎಂದು ಹಿಂದಿನ ಪುಟಕ್ಕೆ ಹೋಗಿ ಬಂದರು. ಯಾವುದರಲ್ಲಾದರೂ ಸಿಗಲಿ ಎಂದು ಅಮ್ಮನ ಫೋನಿನಲ್ಲೂ ಅದೇ ಪುಟ ತೆರೆದಿಟ್ಟಿದ್ದರು. ಅದನ್ನೂ ಒತ್ತಿದರು.

ಬೈಯಲು ಬಾಯಿ ತೆರೆದವಳು ಹಾಗೇ ಕೂತುಬಿಟ್ಟಳು. ಅವಳ ಸುಳ್ಳು ಜನ ಒಮ್ಮೆ ಒತ್ತಿ ಕೈಕಟ್ಟಿ ಕಾಯುತ್ತಿದ್ದರು. ಅಂಥ ವಿಧೇಯರು ಯಾವ ಮನೆಯಲ್ಲಿದ್ದಾರೆ?

ಮರುದಿನ ಸೈಟಿಗೆ ಬಂದಿದ್ದ ಕೋರಿಕೆಗಳನ್ನು ನೋಡಿದರೆ ಊರಿಗೆ ಊರೇ ಅಪ್ಪನ ಹಾಗೆ ಒತ್ತಿತ್ತು. ತನ್ನ ಸುಳ್ಳು ಜನಕ್ಕೂ ಆ ಅವಸರ, ಅನುಮಾನ, ಎರಡೆರಡು ಫೋನು ಎಲ್ಲವನ್ನೂ ಕಲಿಸಿ ಮತ್ತೆ ಸೈಟಿನ ಮೇಲೆ ಬಿಟ್ಟಳು. ಸ್ವಲ್ಪ ಹೊತ್ತಿಗೇ ಸೈಟು ಬಿತ್ತು. ಬಿದ್ದದ್ದನ್ನು ಕಂಡು ಹಾಯೆನಿಸಿತು.

“ಹೀಗೆಲ್ಲ ಯಾರಮ್ಮಾ ಒತ್ತುತ್ತಾರೆ?”

“ಎಲ್ರೂ ಸರ್. ನಮ್ಮಪ್ಪ ಸ್ವಲ್ಪ ಜಾಸ್ತಿ. ನೀವು ಲಿಫ್ಟಿನ ಬಟನ್ ಎಷ್ಟು ಸಲ ಒತ್ತುತ್ತೀರ?”

ಮ್ಯಾನೇಜರು ಸೈಟು ಕಟ್ಟಿದವರನ್ನು ಕರೆಸಿದರು. ಒಮ್ಮೆ ಒತ್ತಿದೊಡನೆ ಬಟನ್ ಮಸುಕಾಗಿ, ‘ತಲುಪಿದೆ, ಕಾಯಿರಿ’ ಎಂದು ಕಾಣಿಸುವಂತೆ ಮಾಡಿದರು. ಅವಳ ಹೊಸ ಜನ ಎಷ್ಟು ನುಗ್ಗಿದರೂ ಸೈಟು ನಿಂತಿತು. ಅಮ್ಮನಿಗೂ ದಿನ ಸಿಕ್ಕಿತು.

ಆದರೂ ಅಪ್ಪ ಮೀಟಿಂಗಿನ ನಡುವೆ ಫೋನು ಮಾಡಿದರು.

“ಎರಡನೇ ಸಲ ಒತ್ತೋಕೇ ಬಿಡಲ್ಲ ಕಣಮ್ಮ. ಕೆಟ್ಟಿದೆ. ನಿಮ್ಮಾಫೀಸಲ್ಲಿ ಯಾರಿಗಾದ್ರೂ ಹೇಳು.”

“ಹೇಳ್ತೀನಪ್ಪ” ಎಂದು ಫೋನಿಟ್ಟಳು.