ಬರಿ ಹಣಿಯ ಮನುಷ್ಯ

ನಾನು ಯಾರನ್ನೂ ಹೊಡೆದವನಲ್ಲ, ಬಡಿದವನಲ್ಲ. ಮಸ್ಕಿಯೊಳಗ ನಮ್ಮ ಓಣಿ ಮಂದಿನ್ನ ಕೇಳ್ರಿ, ಬಾಯಿ ಜೋರು, ಮನಸ್ಸು ಚೊಲೊ ಅಂತಾರ. ಆದ್ರೂ ಒಬ್ಬ ಮನುಷ್ಯ ಮೂರು ವರ್ಷ ಜೈಲಿನ್ಯಾಗ ಕುಂತ, ಅವನ್ನ ಅಲ್ಲಿ ಕುಂದರಿಸಿದವರ ಪೈಕಿ ನಾನೂ ಒಬ್ಬ. ಇದನ್ನ ಬರಿಯಾಕ ಕುಂತಾಗೆಲ್ಲಾ ಎದ್ದು ಹೋಗಿ ನೀರು ಕುಡಿದು ಬಂದೀನಿ. ಇವತ್ತ ಬರೆದು ಮುಗಸ್ತೀನಿ.

ಆಗ ನಾನು ನಮ್ಮ ಕಡೆಯ ಒಂದು ತಾಲೂಕು ಕಚೇರಿಯೊಳಗ ಗುಮಾಸ್ತ. ಯಾ ಊರು ಅಂತ ಕೇಳಬ್ಯಾಡ್ರಿ. ಬಳಗಾನೂರಿನ ಆಚೆ ಒಂದು ಹಳ್ಳ್ಯಾಗ ಮಧ್ಯಾಹ್ನದ ಊಟದ ಹೊತ್ತಿನ್ಯಾಗ ಇಬ್ಬರು ಬೈಕ್ ಮ್ಯಾಲ ಬಂದು, ಕಿರಾಣಿ ಅಂಗಡಿ ಮುಂದ ಕುಂತಿದ್ದ ಹೆಣ್ಣಮಗಳ ಕೊಳ್ಳಾಗಿನ ಸರಕ್ಕ ಕೈ ಹಾಕಿದ್ರು. ಒಳಗ ಉಣ್ಣಾಕತ್ತಿದ್ದ ಗಂಡ ಎಂಜಲಗೈಲೆ ಓಡಿ ಬಂದು ಒಬ್ಬನ ಅಂಗಿ ಹಿಡಿದ. ಅವ ನೂಕಿದ. ಕಟ್ಟಿ ಕಲ್ಲಿಗೆ ತಲಿ ಬಡಿದು ಗಂಡ ಅಲ್ಲೇ ಹೋಗಿಬಿಟ್ಟ. ನೂಕಿದವನ ಮುಖ ಆ ತಾಯಿ ನೋಡಿದ್ದು ಕಣ್ಣು ಪಿಳಿಕಿಸೋವಷ್ಟು ಹೊತ್ತು ಮಾತ್ರ.

ಹತ್ತು ದಿನಕ್ಕ ಪೊಲೀಸರು ಒಬ್ಬನ್ನ ಹಿಡಿದ್ರು. ಭತ್ತದ ಗೋದಾಮಿನ್ಯಾಗ ಹಮಾಲಿ ಮಾಡೋ ಮನುಷ್ಯ, ಮೂವತ್ತರ ಆಸುಪಾಸು. ಆ ವಾರ ಆ ಊರಾಗ ಚೀಲ ಹೊರಾಕ ಬಂದಿದ್ನಂತ, ಮೊದಲೊಂದು ಬಡಿದಾಟದ ಕೇಸಿನ್ಯಾಗ ಹೆಸರೂ ಇತ್ತಂತ. ಅಷ್ಟು ಸಾಕಾತು ಅವರಿಗೆ. ಆ ತಾಯಿ ಅವನ್ನ ಗುರುತು ಹಿಡಿತಾಳೋ ಇಲ್ಲೋ ನೋಡಬೇಕಲ್ಲ, ಅದಕ್ಕ ಗುರುತು ಹಚ್ಚೋ ಪರೇಡ್ ಮಾಡಬೇಕಾತು. ಪರೇಡ್ ಮಾಡಸೋದು ತಹಶೀಲ್ದಾರ ಸಾಹೇಬ್ರ ಕೆಲಸ. ಸಾಹೇಬ್ರ ಕೆಲಸ ಅಂದ್ರ ಗುಮಾಸ್ತನ ಕೆಲಸ, ಬಿಡ್ರಿ. ಆರೋಪಿ ಜೋಡಿ ಅವನಂಥವರೇ ಏಳು ಮಂದಿನ್ನ ಸಾಲಾಗಿ ನಿಂದರಿಸಬೇಕು. ಅದೇ ವಯಸ್ಸು, ಅದೇ ಮೈಕಟ್ಟು, ಅದೇ ಬಣ್ಣ. ಯಾರೂ ಎದ್ದು ಕಾಣಬಾರದು. ಆ ಏಳು ಮಂದಿನ್ನ ಹುಡುಕೋ ಜವಾಬ್ದಾರಿ ನನ್ನ ತಲಿಗೆ ಬಂತು.

ನಾನೂ ಸುಮ್ಮನ ಕುಂತವನಲ್ಲ. ಆಟೋ ಸ್ಟ್ಯಾಂಡು, ಹೋಟೆಲ್ಲು, ಗೊಬ್ಬರದಂಗಡಿ ತಿರುಗಿ, ಎತ್ತರ ಅಳೆದು, ಮೀಸಿ ನೋಡಿ, ಬೈದು, ಚಹಾ ಕುಡಿಸಿ ಏಳು ಮಂದಿನ್ನ ಕೂಡಿಸಿದೆ. ಎಲ್ಲಾರಿಗೂ ಬಿಳಿ ಅಂಗಿ ಹಾಕಿಕೊಂಡು ಬರ್ರಿ ಅಂದಿದ್ದೆ, ಬಂದಿದ್ರು. ಜೈಲಿನ ಅಂಗಳದಾಗ ಅವರನ್ನ ಸಾಲು ನಿಂದರಿಸಿದಾಗ ನನಗ ನನ್ನ ಕೆಲಸದ ಮ್ಯಾಲ ಹೆಮ್ಮಿನೂ ಆತು. ಆಮ್ಯಾಲ ಆರೋಪಿನ್ನ ಕರಕೊಂಡು ಬಂದ್ರು. ಅವನಿಗೂ ಬಿಳಿ ಅಂಗಿ ಹಾಕಿಸಿ, ನಿನಗ ಬೇಕಾದಲ್ಲಿ ನಿಂದ್ರು ಅಂದೆ. ಅವ ಹೋಗಿ ನಡುವ ನಿಂತ.

ಅವತ್ತ ಶ್ರಾವಣ ಸೋಮವಾರ. ಏಳೂ ಮಂದಿ ಜಳಕಾ ಮಾಡಿ, ಗುಡಿಗೆ ಹೋಗಿ, ಹಣಿ ತುಂಬ ವಿಭೂತಿ ಹಚ್ಚಿಕೊಂಡು ಬಂದಿದ್ರು. ನನ್ನ ಹಣಿ ಮ್ಯಾಲೂ ಇತ್ತು. ಇವನೊಬ್ಬಂದು ಬರಿ ಹಣಿ.

ಗೊತ್ತಾಗಲಿಲ್ಲ ಅಂತ ಹೇಳಿದ್ರ ನನ್ನ ನಾಲಿಗಿ ಸೀದು ಹೋಗಲಿ. ಗೊತ್ತಾತು. ಯಾರದೋ ಕಿಸೆದಾಗಿದ್ದ ವಿಭೂತಿ ಗಟ್ಟಿ ಇಸಗೊಂಡು ಅವನ ಹತ್ರ ಹೋಗಿ, ‘ತಮ್ಮಾ, ಇದಿಷ್ಟು ಹಚ್ಚಿಕೋ’ ಅಂದೆ. ಅವ ಕೈ ಮುಗಿದ. ‘ಬ್ಯಾಡ್ರಿ ಸರ್. ನಮ್ಮ ಮನ್ಯಾಗ ಬುದ್ಧಗ ನಡಕೋತೀವಿ. ನಮ್ಮಪ್ಪನ ಕಾಲದಿಂದ ಹಚ್ಚಂಗಿಲ್ಲ’ ಅಂದ. ಸಿಟ್ಟಿಲ್ಲ, ಸೆಡವಿಲ್ಲ, ಮೆಲ್ಲಕ ಅಂದ.

ಆಗ ನಾ ಮಾಡಬೇಕಾಗಿದ್ದು ಒಂದೇ. ಏಳು ಮಂದಿಗೆ, ಹಣಿ ಒರಸಿಕೊಳ್ರಪ್ಪಾ ಅನ್ನಬೇಕಾಗಿತ್ತು. ಒಂದು ಕೊಡ ನೀರು, ಒಂದು ವಸ್ತ್ರ, ಐದು ನಿಮಿಷದ ಕೆಲಸ. ಬಾಯಿ ಬರಲಿಲ್ಲ. ಶ್ರಾವಣ ಸೋಮವಾರ, ಉಪಾಸ ಇದ್ದ ಮಂದಿಗೆ, ಹಚ್ಚಿದ ವಿಭೂತಿ ಅಳಸ್ರಿ ಅಂತ ಯಾ ಬಾಯಿಲೆ ಹೇಳಲಿ? ನಮ್ಮವ್ವ ಕೇಳಿದ್ರ ಮನಿಯೊಳಗ ಬಿಟ್ಟುಕೊಳ್ಳತಿರಲಿಲ್ಲ. ಸಾಹೇಬ್ರು ಬ್ಯಾರೆ ಗಡಿಯಾರ ನೋಡಾಕತ್ತಿದ್ರು. ಇನ್ನೊಂದು ಮಾತೂ ಹೇಳಿಬಿಡ್ತೀನಿ: ಪೊಲೀಸರು ಸುಮ್ಮಸುಮ್ಮನ ಹಿಡಿತಾರೇನು, ಇವನೇ ಇರಬೇಕು ಅಂತ ನನ್ನ ಹೊಟ್ಟ್ಯಾಗೂ ಇತ್ತು. ಅವ ನನ್ನ ಮಾರಿ ನೋಡಿದ. ನಾ ಕಾಗದದ ಕಡೆ ತಿರುಗಿದೆ.

ಆ ತಾಯಿನ್ನ ಕರದ್ರು. ಬಿಳಿ ಸೀರಿ, ಅತ್ತು ಅತ್ತು ಬಾತ ಕಣ್ಣು. ಸಾಲಿನ ಈ ತುದಿಯಿಂದ ಆ ತುದಿಗೆ ಹ್ವಾದಳು, ಮತ್ತ ಬಂದಳು. ಹುಡುಕಾಕತ್ತಿದ್ದಳು, ಸಿಗವಲ್ದಾಗಿತ್ತು. ಮೂರನೇ ಸಲ ನಡುವ ಬಂದು ನಿಂತಳು. ನಿಂತು, ಅವನ ಹೆಗಲು ಮುಟ್ಟಿದಳು. ‘ಯವ್ವಾ, ನಾ ಅಲ್ಲವ್ವಾ’ ಅಂದ ಅವ. ಆಕಿ ಹೆದರಿ ನನ್ನ ಕಡೆ ನೋಡಿದಳು, ಸಾಲಿ ಕೂಸು ಲೆಕ್ಕ ಬರೋಬ್ಬರಿ ಐತೋ ಇಲ್ಲೋ ಅಂತ ಮಾಸ್ತರನ್ನ ನೋಡಿದಂಗ. ‘ಬರೋಬ್ಬರಿ ಹಿಡದ್ರಿ ಅಮ್ಮಾ, ಅಂಜಬ್ಯಾಡ್ರಿ’ ಅಂದುಬಿಟ್ಟೆ. ಅಯ್ಯೋ ನನ್ನ ಬಾಯಿಗೆ ಬೆಂಕಿ ಹಾಕ! ಆಮ್ಯಾಲ ಪಂಚನಾಮೆ ಬರದೆ: ‘ವಯಸ್ಸು, ಮೈಕಟ್ಟು, ಉಡುಪು ಮತ್ತು ಚಹರೆಯಲ್ಲಿ ಎಲ್ಲರೂ ಹೆಚ್ಚುಕಡಿಮೆ ಒಂದೇ ರೀತಿ ಇದ್ದರು.’ ಪಂಚ ಅಂತ ನನ್ನ ಸಹಿನೂ ಹಾಕಿದೆ. ಅಕ್ಷರ ಮುತ್ತಿನಂಗ ಬಂದಾವು ಅಂದ್ರು ಸಾಹೇಬ್ರು.

ಅವನಿಗೆ ಜಾಮೀನು ಸಿಗಲಿಲ್ಲ. ಬ್ಯಾರೆ ಸಾಕ್ಷಿ ಅಷ್ಟಕ್ಕಷ್ಟೆ, ಆಕಿ ಕೈ ಮುಟ್ಟಿದ್ದೇ ದೊಡ್ಡ ಸಾಕ್ಷಿ ಆಗಿಹೋತು. ಕೇಸು ತಾರೀಖಿನಿಂದ ತಾರೀಖಿಗೆ ಎಳೀತು. ನಾನು ಉಂಡೆ, ಮಕ್ಕೊಂಡೆ, ಮಗಳ ಮದಿವಿ ಮಾಡಿದೆ. ನೆನಪಾಗತಿತ್ತು, ಇಲ್ಲ ಅನ್ನಂಗಿಲ್ಲ. ನೆನಪಾದಾಗೆಲ್ಲಾ, ಕೋರ್ಟು ನೋಡಿಕೊಳ್ಳತೈತಿ ಬಿಡು ಅಂದುಕೊಂಡು ಮಗ್ಗಲು ಬದಲಸ್ತಿದ್ದೆ.

ಮೂರನೇ ವರ್ಷ ಲಿಂಗಸುಗೂರಿನ್ಯಾಗ ನಮ್ಮಂಥವರಿಗೆ ಒಂದು ದಿನದ ತರಬೇತಿ ಇತ್ತು. ಅಪರಾಧ, ಸಾಕ್ಷಿ, ಮನಸ್ಸು ಇದನ್ನೆಲ್ಲಾ ಓದಿದ ಒಬ್ಬ ಮೇಡಂ ಬಂದಿದ್ರು. ಮಾತಾಡಾಕತ್ತಾಗ ಯಾರೋ ಒಬ್ಬ ಬಾಗಿಲು ತಗದು ಬಂದು ಒಂದು ಕುರ್ಚಿ ಎತ್ತಿಕೊಂಡು ಹೋದ. ತಾಸು ಬಿಟ್ಟು ಮೇಡಂ ಕೇಳಿದ್ರು, ಅವನ ಅಂಗಿ ಯಾ ಬಣ್ಣ? ನೀಲಿ ಅಂದೆ ನಾನು, ಎದಿ ತಟ್ಟಿಕೊಂಡು. ಅವನನ್ನ ಕರಸಿದ್ರು, ಹಳದಿ ಅಂಗಿ. ಎಲ್ಲಾರೂ ನಕ್ಕರು, ನಾನೂ ನಕ್ಕೆ. ಆಮ್ಯಾಲ ಮೇಡಂ ಹೇಳಿದ್ರು: ನೆನಪು ಗಟ್ಟಿ ಇಲ್ಲದ ಸಾಕ್ಷಿ ಸಾಲಿನ್ಯಾಗ ಯಾರು ಬ್ಯಾರೆ ಕಾಣ್ತಾರೋ ಅವರ ಕಡೆ ಕೈ ಮಾಡ್ತಾರ, ಬರೋಬ್ಬರಿ ಹಿಡದ್ರಿ ಅಂತ ಒಬ್ಬರು ಅಂದ್ರ ಮುಗೀತು, ಅವತ್ತಿನಿಂದ ಆ ಮುಖನೇ ಅವರ ಖರೇ ನೆನಪು ಆಗಿಬಿಡತೈತಿ. ಮಧ್ಯಾಹ್ನದ ಊಟ ಬಿಟ್ಟು ಎದ್ದು ಬಸ್ ಹತ್ತಿ ಮಸ್ಕಿಗೆ ಬಂದುಬಿಟ್ಟೆ.

ಎರಡು ತಿಂಗಳಿಗೆ ಸಾಕ್ಷಿ ಹೇಳಾಕ ನನಗ ಸಮನ್ಸ್ ಬಂತು. ಪಂಚನಾಮೆ ಓದ್ತೀವಿ, ಹೌದು ಅನ್ರಿ ಸಾಕು ಅಂದಿದ್ರು ಸರಕಾರಿ ವಕೀಲರು. ನನ್ನ ಹೆಂಡತಿನೂ ಅದನ್ನೇ ಅಂದಳು, ‘ನಿವೃತ್ತಿಗೆ ಎರಡು ವರ್ಷ ಐತಿ, ಸುಮ್ಮನ ಇರ್ರಿ.’ ಕಟಕಟೆ ಹತ್ತಿದೆ. ಎದುರಿಗೆ ಅವ ನಿಂತಿದ್ದ. ಹಮಾಲಿ ಮೈ ಕರಗಿ ಹೋಗಿತ್ತು, ಅಂಗಿ ಗೂಟಕ್ಕ ಹಾಕಿದಂಗ ಜೋತು ಬಿದ್ದಿತ್ತು. ‘ಎಲ್ಲಾರೂ ಒಂದೇ ತರ ಇರಲಿಲ್ಲರಿ. ಸುಳ್ಳು ಬರದೀನಿ’ ಅಂತ ಶುರು ಮಾಡಿ, ವಿಭೂತಿದ್ದೂ, ನಾ ಆಕಿಗೆ ಹೇಳಿದ್ದೂ ಎಲ್ಲಾ ಹೇಳಿದೆ. ನ್ಯಾಯಾಧೀಶರು ಕನ್ನಡಕ ತಗದು ಕೇಳಿದ್ರು, ‘ಆಗಲೇ ಯಾಕೆ ಹೇಳಲಿಲ್ಲ?’ ‘ಧೈರ್ಯ ಆಗಲಿಲ್ಲರಿ’ ಅಂದೆ.

ಹೊರಗ ಆ ತಾಯಿ ಕುಂತಿದ್ದಳು. ಎದ್ದು ಬಂದು ನನ್ನ ತೋಳು ಹಿಡಿದಳು. ‘ಅವತ್ತ ನೀನ ಅಲ್ಲೇನು ಬರೋಬ್ಬರಿ ಅಂದಾಂವ? ಈಗ ಕಣ್ಣು ಮುಚ್ಚಿದ್ರ ನನ್ನ ಗಂಡನ್ನ ನೂಕೋದು ಇವನೇ ಕಾಣ್ತಾನ. ಇವ ಅಲ್ಲಂದ್ರ ಮತ್ತ ಯಾರಪ್ಪಾ? ಹೇಳು!’ ಬೈಕ್ ಮ್ಯಾಲ ಬಂದ ಆ ಇಬ್ಬರನ್ನ ಹುಡುಕೋದನ್ನ ಪೊಲೀಸರು ಬಿಟ್ಟು ಮೂರು ವರ್ಷ ಆಗಿತ್ತು. ಖರೇ ಕೊಂದವ ಎಲ್ಲಿದ್ದಾನೋ, ಏನು ಮಾಡಾಕತ್ಯಾನೋ, ಯಾರಿಗೆ ಗೊತ್ತು. ಆಕಿ ಕೈ ಬಿಡಿಸಿಕೊಂಡು ಬಂದೆ, ಹೇಡಿಯಂಗ.

ಅವ ಬಿಡುಗಡೆ ಆದ. ನನಗ ಇಲಾಖೆಯಿಂದ ನೋಟಿಸು ಬಂತು, ಬರಲಿ, ಅದರದೇನು. ಹೋದ ಚಳಿಗಾಲ ಸಿಂಧನೂರು ಬಸ್ ಸ್ಟ್ಯಾಂಡಿನ್ಯಾಗ ಅವ ಸಿಕ್ಕ. ಸಾಲಗುಂದದ ಬಸ್ಸಿಗೆ ಕಾಯಾಕತ್ತಿದ್ದ. ಊರಾಗ ಇರಾಕ ಆಗಲಿಲ್ಲಂತ, ಅಲ್ಲೇ ಯಾರದೋ ಗದ್ದಿ ಕೆಲಸಕ್ಕ ಹೊಂಟಿದ್ದ. ನಾನೇ ಹೋಗಿ ಎದುರಿಗೆ ನಿಂತೆ. ‘ತಮ್ಮಾ, ನನ್ನ ತಪ್ಪಾತೋ’ ಅಂದೆ. ಬೈತಾನ, ಹೊಡಿತಾನ ಅಂದುಕೊಂಡಿದ್ದೆ. ಹೊಡೆದಿದ್ರ ಪಾಡಿತ್ತು.

ಅವ ಜರಗಿ ಬೆಂಚಿನ ಮ್ಯಾಲ ಜಾಗ ಮಾಡಿ ಕೊಟ್ಟ.

‘ಅವತ್ತ ನಿಮಗ ಗೊತ್ತಾಗಿದ್ದು ನನಗೂ ಗೊತ್ತಾಗಿತ್ರಿ ಸರ್’ ಅಂದ. ‘ನೀವು ವಿಭೂತಿ ತಂದ್ರಲ್ಲ, ಆಗ. ಅದಕ್ಕ ತಾರೀಖಿಗೆ ಕರಕೊಂಡು ಬಂದಾಗೊಮ್ಮೆ ಬಾಗಿಲ ಕಡೆ ನೋಡತಿದ್ದೆ. ಆ ಸರ್ ಬರ್ತಾರ, ಹೇಳ್ತಾರ ಅಂತ ನಮ್ಮವ್ವಗೂ ಹೇಳಿದ್ದೆ. ಆಕಿ ಎರಡನೇ ವರ್ಷ ತೀರಿಕೊಂಡ್ಳರಿ. ಹೋಗೋತನಕ ಕೇಳತಿದ್ಳಂತ, ಆ ಸರ್ ಇನ್ನಾ ಬಂದಿಲ್ಲೇನು ಅಂತ.’