ಎದೆಯುರಿ ಹೊತ್ತು ಕುಮಟೆಗೆ

೨೦೦೩ರಲ್ಲಿ ಏಳನೆಯ ತರಗತಿಗೇ ನಾನು ಶಾಲೆ ಬಿಟ್ಟೆ. ಅಂದಿನಿಂದ ತೆಂಗಿನಗುಂಡಿಯಲ್ಲಿ ದೋಣಿಯ ಇಂಜಿನ್ ರಿಪೇರಿ ನನ್ನ ಕೆಲಸ. ನನ್ನ ಕೈಗೆ ಬಂದ ಇಂಜಿನ್ ಶುರುವಾಗದೆ ಹೋದದ್ದಿಲ್ಲ. ಆದರೆ ಏಳು ತಿಂಗಳ ಬಸುರಿ ಹೆಂಡತಿ ಸುಜಾತಾ ಎದೆಯುರಿಯಿಂದ ಮಲಗಲಾರದೆ, ಉಣ್ಣಲು ಹೆದರಿ, ಹದಿನೈದೇ ದಿನದಲ್ಲಿ ಸೊರಗಿದಾಗ ನನಗೆ ದಾರಿ ತೋಚಲಿಲ್ಲ. ಮಗುವಿಗೆ ಏನಾಗುವುದೋ ಎಂಬ ಹೆದರಿಕೆ ಇಬ್ಬರಿಗೂ ಇತ್ತು. ಹೆರಿಗೆಗೆ ಹೆಸರು ಬರೆಸಿದ್ದ ಕುಮಟೆಯ ಡಾಕ್ಟರಮ್ಮನಲ್ಲಿಗೆ ಒಂದು ಗುರುವಾರ ಹೊರಟೆವು.

ಭಟ್ಕಳದಲ್ಲಿ ಎಂಟು ಗಂಟೆಯ ಬಸ್ಸು. ಅವಳಿಗೆ ಟಿಕೆಟ್ ಫ್ರೀ, ನನಗೆ ಮಾತ್ರ ದುಡ್ಡು. ಮಂಕಿಯಲ್ಲಿ ಸೋದರತ್ತೆ ರಸ್ತೆಗೇ ಬಂದು ನಿಂತಿದ್ದಳು, ಇಳಿಯದೆ ಗತಿಯಿರಲಿಲ್ಲ.

"ಬಸುರಿ ಹೆಂಗ್ಸನ್ನ ಬರೀ ಬಾಯಲ್ಲಿ ಕಳ್ಸೂದಾ? ಊರವ್ರು ನಂಗೆ ಎಂತ ಹೇಳೂದು ತಮಾ?"

ಹುರಿದ ಬಂಗಡೆ, ಅನ್ನ, ಮೇಲೆ ದೊಡ್ಡ ಲೋಟದ ತುಂಬ ಮುರುಗಲ ಹುಳಿ ಕದಡಿ ಮಾಡಿದ ಕಡಿ. "ಪಿತ್ತಕ್ಕೆ ಇದ್ಕಿಂತ ಮದ್ದು ಬೇರೆ ಇಲ್ಲ" ಎಂದಳು. ದಿನವೂ ನಾನೇ ಅದನ್ನು ಕುಡಿಸುತ್ತಿದ್ದೆ, ತಲೆಯಾಡಿಸಿದೆ. ಬೇಡವೆನ್ನಲಾರದೆ ಸುಜಾತಾ ಎಲ್ಲ ಉಂಡು, ಕುಡಿದು ಬಸ್ಸು ಹತ್ತಿದಳು.

ಶರಾವತಿ ಸೇತುವೆಯ ಮೇಲೆ ಸುಜಾತಾ ಎದೆ ಹಿಡಿದುಕೊಂಡಳು. "ಗಂಟಲಿನವರೆಗೂ ಬೆಂಕಿ" ಎಂದಳು. ಹೊನ್ನಾವರದಲ್ಲಿ ಇಳಿದು ಅರ್ಧ ತಾಸು ಕೂತೆವು. ಮುಂದಿನ ಬಸ್ಸಿನ ಕಂಡಕ್ಟರ್, "ಅಕ್ಕಾ, ಮುಂದೆ ಬನ್ನಿ. ಹಿಂದೆ ಕೂತ್ರೆ ಎದೆ ಎಂತ, ಸೊಂಟನೂ ಹೋಗ್ತದೆ" ಎಂದು ಸೀಟು ಕೊಡಿಸಿದ.

ಕುಮಟೆಯಲ್ಲಿ ಡಾಕ್ಟರಮ್ಮ ಬಿಪಿ ನೋಡಿದರು, ಮಗುವಿನ ಎದೆಬಡಿತ ಕೇಳಿದರು. "ಮಗು ಚೆನ್ನಾಗಿದೆ. ಇದು ಹೊಟ್ಟೆಯ ಹುಳಿ ಮೇಲೆ ಬರೋ ಎದೆಯುರಿ. ರಾತ್ರಿ ಊಟ ಎಷ್ಟೊತ್ತಿಗೆ?"

"ಇವ್ರು ಶೆಡ್ಡಿಂದ ಬಂದ್ಮೇಲೆ. ಹತ್ತು ಗಂಟೆ ಆಗ್ತದೆ. ಉಂಡು, ಕಡಿ ಕುಡ್ದು, ಮಲಗೂದು."

"ಮೊದಲೇ ಉಣ್ಣಬಾರದಾ?"

"ಗಂಡ ಉಣ್ಣದೆ ನಾ ಹೆಂಗೆ ಉಣ್ಣೂದು?"

ಡಾಕ್ಟರಮ್ಮ ನನ್ನತ್ತ ತಿರುಗಿದರು. "ನಿಮ್ಮ ಹೊಟ್ಟೆ ಕಾಯ್ತದೆ. ಇವಳ ಹೊಟ್ಟೆಯನ್ನ ಒಳಗಿಂದ ಮಗು ಒತ್ತುತ್ತಿದೆ. ಏಳು ಗಂಟೆಗೆ ಊಟ ಆಗಬೇಕು, ಉಂಡು ಮೂರು ತಾಸು ಮಲಗಬಾರದು. ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ತಿನ್ನಲಿ. ಹುಳಿ, ಖಾರ, ಕರಿದದ್ದು ಸದ್ಯ ಬೇಡ. ಮಂಚದ ತಲೆ ಕಡೆ ಎತ್ತರಿಸಿ, ಎಡಮಗ್ಗುಲಲ್ಲಿ ಮಲಗಲಿ." ಒಂದು ಸಿರಪ್ ಬರೆದರು, ನಮ್ಮಷ್ಟಕ್ಕೆ ಸೋಡಾ ಪುಡಿ ಕೊಡಬೇಡಿ ಎಂದರು. ತಲೆನೋವು, ಕಣ್ಣು ಮಂಜು, ಪಕ್ಕೆಲುಬಿನ ಕೆಳಗೆ ನೋವು ಬಂದರೆ ತಡಮಾಡದೆ ಬರಬೇಕೆಂದೂ ಹೇಳಿದರು.

ರಾತ್ರಿ ಹತ್ತರವರೆಗೆ ದುಡಿಯುವವನು ಎಂದು ಊರಿಡೀ ಹೇಳಿಕೊಂಡು ತಿರುಗಿದ್ದೆ. ಅಷ್ಟು ಹೊತ್ತೂ ಅವಳು ಹಸಿದು ಕೂತಿರುತ್ತಿದ್ದಳು ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಮರಳುವಾಗ ಬಸ್ಸಿನಲ್ಲೇ ಅತ್ತೆಯ ಫೋನು ಬಂತು. ಮತ್ತೆ ಅಡುಗೆ ಮಾಡಿಟ್ಟಿದ್ದಳು.

"ಇವತ್ತು ಇಳಿಯೂದಿಲ್ಲ ಅತ್ತೆ. ಡಾಕ್ಟ್ರು ಬೈದ್ರು."

"ಅವ್ಳಿಗಾ?"

"ನಂಗೆ."

"ಹಾಂಗಾದ್ರೆ ಸರಿ ಆತು" ಎಂದು ಅತ್ತೆ ನಕ್ಕಳು. ಪಕ್ಕದಲ್ಲಿ ಸುಜಾತಾ ಕೂಡ.

ಮನೆಗೆ ಬಂದವನೇ ಮಂಚಕ್ಕೆ ಜಾಕ್ ಹಾಕಿ ಎತ್ತಿ, ತಲೆಯ ಕಡೆಯ ಕಾಲುಗಳಿಗೆ ಮರದ ತುಂಡು ಕೊಟ್ಟೆ. ಏಳು ಗಂಟೆಗೆ ಇಬ್ಬರೂ ಒಟ್ಟಿಗೆ ಗಂಜಿ ಉಂಡೆವು. ಮೂರನೆಯ ರಾತ್ರಿ ಅವಳು ಬೆಳಗಿನವರೆಗೆ ನಿದ್ದೆ ಮಾಡಿದಳು.

ಈಗ ನನಗಿರುವುದು ಇಷ್ಟು: ಒಂದು ಶೆಡ್ಡು, ಸಂಜೆ ಆರೂವರೆಗೆ ಅದಕ್ಕೆ ಹಾಕುವ ಒಂದು ಬೀಗ, ಹೊಟ್ಟೆ ತುಂಬ ಉಣ್ಣುವ ಹೆಂಡತಿ ಒಬ್ಬಳು, ಹುಟ್ಟಲು ಐದು ವಾರವಿರುವ ಮಗು ಒಂದು.