ಮಾಸ್ತರರ ತೂತುಗಲ್ಲು

ನಮ್ಮ ವಿಜ್ಞಾನದ ಮಾಸ್ತರರ ಅಂಗಿಯ ಬಲಜೇಬು ಸದಾ ಜೋತುಬಿದ್ದಿರುತ್ತಿತ್ತು. ಅದರಲ್ಲಿ ಕಮಲಾಪುರದ ಹೊಲದಲ್ಲಿ ಸಿಕ್ಕ, ಮೈತುಂಬ ತೂತುಗಳಿದ್ದ ಕರಿಗಲ್ಲು. ಎಂಟನೆಯ ತರಗತಿಯಲ್ಲಿ ಅದನ್ನು ನನ್ನ ಅಂಗೈಗಿಟ್ಟು ಹೇಳಿದ್ದರು: "ಕರಗಿದ ಕಲ್ಲಿನೊಳಗಿಂದ ಅನಿಲ ಹೊರಗ ಹೋದ ಗುರುತು ನೋಡವಾ ಇದು. ಭೂಮಿ ಹೊಸದಿದ್ದಾಗ ಜ್ವಾಲಾಮುಖಿ ಉಗುಳಿದ ಇಂಥಾ ಅನಿಲಾನೇ ಮೊದಲನೇ ಗಾಳಿ. ಹಬೆ ಇತ್ತು, ಇಂಗಾಲದ ಡೈಆಕ್ಸೈಡ್ ಇತ್ತು, ಆಮ್ಲಜನಕ ಮಾತ್ರ ಇದ್ದಿಲ್ಲ. ಅದರಾಗ ನಾವು ಒಂದು ಗಳಿಗಿ ಬದುಕ್ತಿದ್ದಿಲ್ಲ."

ಆಮೇಲೆ ತಂಬಿಗೆಯಲ್ಲಿ ಸೋಡಾಪುಡಿಗೆ ನಿಂಬೆರಸ ಹಿಂಡಿ, ಒಂದು ಹನಿಯೂ ಚೆಲ್ಲದಂತೆ ದೀಪದ ಮೇಲೆ ಬಗ್ಗಿಸಿದರು. ದೀಪ ಆರಿತು. "ಇದೇ ಇಂಗಾಲದ ಅನಿಲ. ಕಣ್ಣಿಗೆ ಕಾಣಂಗಿಲ್ಲ, ತಗ್ಗಿನ್ಯಾಗ ಕುಂದರ್ತದ." ನಾವು ಚಪ್ಪಾಳೆ ತಟ್ಟಿದೆವು.

ಅದೇ ಬೇಸಿಗೆಯಲ್ಲಿ ನಮ್ಮ ಹಳೆಯ ಬಾವಿಯ ಹೂಳು ತೆಗೆಯಲು ಕಾಕಾ ಇಳಿದ. ಕೂಗಿದರೆ ಓ ಅನ್ನಲಿಲ್ಲ. ಅಪ್ಪ ಹಗ್ಗ ಹಿಡಿದು ಇಳಿಯಲು ಹೊರಟಾಗ, ಗದ್ದಲ ಕೇಳಿ ಪಕ್ಕದ ಓಣಿಯಿಂದ ಓಡಿಬಂದ ಮಾಸ್ತರರು ಅವನ ಸೊಂಟ ತಬ್ಬಿಕೊಂಡರು.

"ಬಿಡ್ರಿ ಮಾಸ್ತರ, ನನ್ನ ತಮ್ಮ ಸಾಯಾಕತ್ಯಾನ!"

"ಇಳಿದ್ರ ನೀವೂ ಸಾಯ್ತೀರಿ. ಮೊದ್ಲ ಕಂದೀಲು ಇಳಸ್ರಿ!"

ಹಚ್ಚಿದ ಕಂದೀಲು ಅರ್ಧ ಬಾವಿಗೇ ಆರಿತು. ಅಪ್ಪ ಅವರ ಮುಖಕ್ಕೆ ಗುದ್ದಿದ. ಬಾಯಿಂದ ರಕ್ತ ಬಂದರೂ ಅವರು ಹಿಡಿತ ಬಿಡಲಿಲ್ಲ. ಕೊನೆಗೆ ಕೊಕ್ಕೆ ಹಾಕಿ ಕಾಕಾನ ಹೆಣ ಎತ್ತಿದರು.

"ನನ್ನ ತಮ್ಮನ್ನ ಕೊಂದವ ಆ ಮಾಸ್ತರ" ಎಂದು ಅಪ್ಪ ಊರೆಲ್ಲ ಸಾರಿದ. ಮಾಸ್ತರರ ಬಾಡಿಗೆ ಮನೆಯನ್ನು ಮಾಲೀಕರು ಖಾಲಿ ಮಾಡಿಸಿದರು. ಮಾಸ್ತರರು ವರ್ಗ ಮಾಡಿಸಿಕೊಂಡು ಕಲಬುರಗಿಯ ಬ್ರಹ್ಮಪುರಕ್ಕೆ ಹೋದರು. ಕಂದೀಲು ಆರಿದ್ದನ್ನು ಕಣ್ಣಾರೆ ಕಂಡಿದ್ದ ನಾನು ಅಪ್ಪನ ಭಯಕ್ಕೆ ಒಂದು ಮಾತೂ ಆಡಲಿಲ್ಲ. ನನ್ನ ಬಾಯಿಗಿಷ್ಟು ಮಣ್ಣು ಬೀಳಲಿ!

ಮುಂದೆ ನನಗೂ ಕಲಬುರಗಿಯಲ್ಲೇ, ಜೇವರ್ಗಿ ಕಾಲೋನಿಯ ಶಾಲೆಯಲ್ಲಿ ನೌಕರಿ ಸಿಕ್ಕ ಮೇಲೆ ಅವರನ್ನು ಹುಡುಕಿಕೊಂಡು ಹೋದೆ. ಹಾಸಿಗೆ ಹಿಡಿದಿದ್ದರು. ತಲೆದಿಂಬಿನ ಬದಿಗೆ ಅದೇ ಕಲ್ಲು. ಚಹಾ ಕುಡಿದೆಯಾ ಎಂದು ಕೂಡ ಕೇಳದೆ ಅಂದರು: "ನಾ ನಿಮ್ಮಪ್ಪನ್ನ ಹಿಡಕೊಂಡಾಗ ನಿಮ್ಮ ಕಾಕಾಗ ಇನ್ನಾ ಜೀವ ಇತ್ತೇನವಾ? ಕನಸಿನ್ಯಾಗ ಬಂದು ಅದನ್ನೇ ಕೇಳ್ತಾನ."

"ಇದ್ದಿಲ್ರೀ ಸರ್" ಎಂದೆ. ನನಗೇನು ಗೊತ್ತು? ಅವರೂ ನಂಬಲಿಲ್ಲ.

ಅವರು ತೀರಿಕೊಂಡ ದಿನ ಊರಿಗೆ ಫೋನ್ ಮಾಡಿದೆ. "ನಾ ಮಣ್ಣಿಗಿ ಬರಂಗಿಲ್ಲ" ಎಂದ ಅಪ್ಪ. ಆಮೇಲೆ ಅವನ ಉಸಿರಾಟವಷ್ಟೇ ಕೇಳುತ್ತಿತ್ತು.

"ಅಪ್ಪಾ, ನೀ ಉಸಿರಾಡಾಕತ್ತೀದಿ ಅಂದ್ರ ಅವ್ರಿಂದ. ಕಂದೀಲು ಆರಿದ್ದು ನಾನೂ ನೋಡೀನಿ" ಎಂದೆ. ಇಪ್ಪತ್ತು ವರ್ಷ ತಡವಾಗಿ, ಅವರು ಕೇಳಿಸಿಕೊಳ್ಳಲಾರದ ದಿನ.

ಅಪ್ಪ ಫೋನ್ ಇಟ್ಟುಬಿಟ್ಟ.